ಮಿದುಳಿನ ಎರಡು ಪಾರ್ಶ್ವಗಳು, ಅವುಗಳ ಒಂದು ಲಯ

ಜೋಳದ ರೊಟ್ಟಿ ತಟ್ಟುವ ತಾಯಂದಿರ ಕೈಗಳನ್ನು ನಾವೆಲ್ಲರೂ ಬಾಲ್ಯದಿಂದಲೇ ನೋಡುತ್ತ ಬಂದಿದ್ದೇವೆ. ಬಲಗೈ ತಟ್ಟುತ್ತದೆ, ಎಡಗೈ ಅಂಚನ್ನು ಹದವಾಗಿ ತಿರುಗಿಸುತ್ತದೆ. ಕೆಲಸ ಬೇರೆ ಬೇರೆಯಾದರೂ ತಾಳ ಒಂದೇ. ಬಲಗೈಯನ್ನು ಮುಖ್ಯವಾಗಿ ನಡೆಸುವುದು ಮಿದುಳಿನ ಎಡಭಾಗ, ಎಡಗೈಯನ್ನು ನಡೆಸುವುದು ಬಲಭಾಗ. ಈ ಎರಡು ಭಾಗಗಳು ಕ್ಷಣವೂ ತಪ್ಪದಂತೆ ಹೊಂದಿಕೊಳ್ಳುವ ಬಗೆ ಹೇಗೆ?

ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿರುವಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಅಲೆಯೊಂದು ಅವರಿಗೆ ಕಂಡಿತು. ಐದು ವರ್ಷ ಕಾದು, 1929ರಲ್ಲಿ ಅದನ್ನು ಪ್ರಕಟಿಸಿದರು. ಆದರೂ ಬಹುಮಂದಿ ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಪುನಃ ಪರೀಕ್ಷಿಸಿ ತೋರಿಸಿದ ಮೇಲಷ್ಟೇ ಅದಕ್ಕೆ ಮಾನ್ಯತೆ ದೊರೆಯಿತು. ಇಂದು ಮೂರ್ಛೆರೋಗದ ಪರೀಕ್ಷೆಗೆ ಆಸ್ಪತ್ರೆಗಳಲ್ಲಿ ಮಾಡುವ ‘ಇಇಜಿ’ ಅದೇ ವಿದ್ಯೆ.

ಎರಡು ಪಾರ್ಶ್ವಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆಯೊಂದಿದೆ. ವೈದ್ಯರು ಇದನ್ನು ಕಾರ್ಪಸ್ ಕೆಲೋಸಮ್ ಎನ್ನುತ್ತಾರೆ. ಇದರ ಬಲವನ್ನು ಅರಿಯಲು ಓದುಗರು ಒಂದು ಸಣ್ಣ ಪ್ರಯೋಗ ಮಾಡಬಹುದು. ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು ತೋರುಬೆರಳುಗಳನ್ನು ಮುಂದಕ್ಕೆ ಚಾಚಿ. ಬಸ್ಸಿನ ಗಾಜು ಒರೆಸುವ ವೈಪರಿನಂತೆ ಎರಡನ್ನೂ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಆಡಿಸಿ. ವೇಗವನ್ನು ಹೆಚ್ಚಿಸುತ್ತ ಹೋದಂತೆ, ಒಂದು ಹಂತದಲ್ಲಿ ಬೆರಳುಗಳು ತಾವಾಗಿಯೇ ಲಯ ಬದಲಿಸಿ, ಕನ್ನಡಿಯ ಬಿಂಬದಂತೆ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಚಲಿಸತೊಡಗುತ್ತವೆ. 1980ರ ದಶಕದಲ್ಲಿ ಸ್ಕಾಟ್ ಕೆಲ್ಸೊ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ತೀವ್ರ ಮೂರ್ಛೆರೋಗದ ಕಾರಣ ಆ ಸೇತುವೆಯನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿಕೊಂಡವರು ಎರಡು ಕೈಗಳಿಂದ ಏಕಕಾಲಕ್ಕೆ ಎರಡು ಬೇರೆ ಆಕೃತಿಗಳನ್ನು ನಮಗಿಂತ ಸಲೀಸಾಗಿ ಬರೆಯಬಲ್ಲರೆಂಬುದು ಅಚ್ಚರಿಯ ಸಂಗತಿ.

ಕೈ ಸುಮ್ಮನಿರುವಾಗ ಮಿದುಳಿನ ಚಲನಾಪ್ರದೇಶದಲ್ಲಿ ಸೆಕೆಂಡಿಗೆ 13ರಿಂದ 30 ಬಾರಿ ಏರಿಳಿಯುವ ಬೀಟಾ ಲಯವಿರುತ್ತದೆ. ಕೈ ಎತ್ತುವ ಮುನ್ನವೇ ಅದು ಮೊದಲು ಎದುರು ಪಾರ್ಶ್ವದಲ್ಲಿ, ಬಳಿಕ ಎರಡರಲ್ಲಿಯೂ ತಗ್ಗುತ್ತದೆ. ಚಲನೆ ಮುಗಿದೊಡನೆ ಮರಳಿ ಏರುತ್ತದೆ. ಒಂದೇ ಕೈ ಆಡಿಸಿದರೂ ಎರಡೂ ಪಾರ್ಶ್ವಗಳು ಎಚ್ಚೆತ್ತಿರುತ್ತವೆ.

ನಿದ್ರೆಯಲ್ಲಿ ಚಿತ್ರ ಬದಲಾಗುತ್ತದೆ. ಗಾಢನಿದ್ರೆಯ ನಿಧಾನ ಅಲೆಗಳು ಎರಡೂ ಪಾರ್ಶ್ವಗಳಲ್ಲಿ ಬಹುಮಟ್ಟಿಗೆ ಜೊತೆಜೊತೆಯಾಗಿ ಸಾಗುತ್ತವೆ. ಇವುಗಳ ನಡುವೆ ಅರ್ಧದಿಂದ ಎರಡು ಸೆಕೆಂಡು ಮಿಡಿದು ನಿಲ್ಲುವ ಚುರುಕು ಅಲೆಗಳಿಗೆ, ನೂಲುವ ಕದಿರಿನಂತೆ ನಡುವೆ ಉಬ್ಬಿರುವ ಆಕಾರದಿಂದ, ಕದಿರಿನ ಹೆಸರೇ ಬಂದಿದೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದರಲ್ಲಿ ಇವೆರಡಕ್ಕೂ ಪಾತ್ರವಿದೆ.

ಡಾಲ್ಫಿನ್ನಿನ ಮಿದುಳು ಮಾತ್ರ ಒಮ್ಮೆಗೆ ಒಂದು ಪಾರ್ಶ್ವವನ್ನಷ್ಟೇ ಮಲಗಿಸುತ್ತದೆ. ನಮ್ಮಲ್ಲಿಯೂ ಇದರ ಸಣ್ಣ ಛಾಯೆಯಿದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಸ್ಥಳದ ಮೊದಲ ರಾತ್ರಿ ಎಡಪಾರ್ಶ್ವದ ಗಾಢನಿದ್ರೆ ಬಲಕ್ಕಿಂತ ಹಗುರವಾಗಿತ್ತು; ಅದೇ ಸ್ಥಳದಲ್ಲಿ ಮತ್ತೊಮ್ಮೆ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಜಾತ್ರೆಗೆ ಬಂದು ತಂಗಿದವರು, ಬೀಗರ ಮನೆಗೆ ಹೋದ ಹಿರಿಯರು ‘ರಾತ್ರಿ ಕಣ್ಣೇ ಹತ್ತಲಿಲ್ಲ’ ಎಂದರೆ ನಾವು ನಗಬೇಕಾಗಿಲ್ಲ. ಆ ಒಂದು ರಾತ್ರಿಗಾಗಿ ವೈದ್ಯರನ್ನು ಕೇಳದೆ ನಿದ್ರೆಮಾತ್ರೆ ನುಂಗುವುದಂತೂ ಬೇಡ. ವೃದ್ಧರು ಅದರ ಮಂಪರಿನಲ್ಲಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವುಂಟು.

ಈ ಹೊಂದಾಣಿಕೆಯ ಬೆಲೆ ತಿಳಿಯುವುದು ಪಾರ್ಶ್ವವಾಯು ತಗುಲಿದ ಮನೆಯಲ್ಲಿ. ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆನಂತರದ ದಿನಗಳಲ್ಲಿ ರೋಗಿಯು ಸೋತ ಕೈಯನ್ನು ಮರೆತು, ಎಲ್ಲಕ್ಕೂ ಒಳ್ಳೆಯ ಕೈಯನ್ನೇ ಚಾಚುತ್ತಾನೆ. ಮನೆಯವರೂ ಕರುಣೆಯಿಂದ ತುತ್ತನ್ನು ಬಾಯಿಗೇ ಇಡುತ್ತಾರೆ. ಆ ಕರುಣೆ ಹಲವು ಬಾರಿ ಕೈಯ ಚೇತರಿಕೆಗೆ ಅಡ್ಡಿಯಾಗುತ್ತದೆ ಎಂದು ಹೇಳಲು ನಮಗೆ ಸಂಕೋಚವಿಲ್ಲ. ಸೋತ ಕೈಯ ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದಿದ್ದರೆ, ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯೊಂದಿದೆ. ಅದನ್ನು ಫಿಸಿಯೋಥೆರಪಿ ತಜ್ಞರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು. ಅಲ್ಲಿ ಕೊಡುವ ಅಭ್ಯಾಸಗಳೆಲ್ಲ ಮನೆಯ ಕೆಲಸಗಳೇ: ಲೋಟ ಎತ್ತುವುದು, ಅಂಗಿಯ ಗುಂಡಿ ಹಾಕುವುದು, ಟವೆಲ್ ಮಡಚುವುದು. ಹಗಲೆಲ್ಲ ಹೀಗೆ ದಣಿದವರನ್ನು ರಾತ್ರಿ ಟಿ.ವಿ. ಸದ್ದಿಲ್ಲದ ಕೋಣೆಯಲ್ಲಿ ಮಲಗಿಸಿರಿ.