ಮುಚ್ಚಿದಂತೆ ಕಾಣುವ ತೆರೆದ ಕಿವಿ

ಕಿವಿಯಲ್ಲಿ ಇಯರ್‌ಬಡ್ ಇಟ್ಟುಕೊಂಡವರು ಹಾಡು ಕೇಳುತ್ತಿದ್ದಾರೆ, ಇಲ್ಲವೇ ಫೋನಿನಲ್ಲಿ ಮುಳುಗಿದ್ದಾರೆ, ಅಂತೂ ಎದುರಿಗಿದ್ದವರ ಮಾತು ಅವರಿಗೆ ಬೇಕಿಲ್ಲ ಎಂದು ತೀರ್ಮಾನಿಸುವುದು ಈಗ ರೂಢಿಯಾಗಿಬಿಟ್ಟಿದೆ. ಈ ತೀರ್ಮಾನ ಎಲ್ಲರ ವಿಷಯದಲ್ಲೂ ಸಲ್ಲದು. ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ 2 ಇಯರ್‌ಬಡ್‌ಗಳನ್ನು ಶ್ರವಣ ಸಾಧನವಾಗಿಯೂ ಬಳಸಲು ನೆರವಾಗುವ ತಂತ್ರಾಂಶಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಸೆಪ್ಟೆಂಬರಿನಲ್ಲಿ ಅನುಮತಿ ನೀಡಿತು. ಅಲ್ಪ ಅಥವಾ ಮಧ್ಯಮ ಪ್ರಮಾಣದ ಶ್ರವಣದೋಷವಿದೆಯೆಂದು ಅನ್ನಿಸಿದ ವಯಸ್ಕರು ಅಲ್ಲಿ ವೈದ್ಯರ ಚೀಟಿಯಿಲ್ಲದೆ ಇದನ್ನು ಬಳಸಬಹುದು.

ವಯಸ್ಸಿನೊಂದಿಗೆ ಬರುವ ಶ್ರವಣದೋಷದಲ್ಲಿ ಎಲ್ಲ ಸದ್ದೂ ಸಮನಾಗಿ ತಗ್ಗುವುದಿಲ್ಲ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾ ಎಂಬ ಭಾಗದಲ್ಲಿ, ಹೆಚ್ಚು ಕಂಪನಾಂಕದ ತೆಳುಸದ್ದುಗಳನ್ನು ಗ್ರಹಿಸುವ ರೋಮಕೋಶಗಳು ಮೊದಲು ಸವೆಯುವುದರಿಂದ, ಸ್ವರಗಳು ಕೇಳಿಸುತ್ತಲೇ ಇದ್ದು ಸ, ಕ, ಪ, ಹ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ಮೊಮ್ಮಗಳು ಹೇಳಿದ್ದು ಹಾಲೋ, ಸಾಲೋ, ಕಾಲೋ, ಪಾಲೋ ಎಂಬುದು ಅಜ್ಜಿಗೆ ತಿಳಿಯುವುದಿಲ್ಲ. ಅವರ ಕಿವಿಗೆ ಬೀಳುವುದು 'ಆಲು' ಮಾತ್ರ. ಕೂಗಿ ಹೇಳಿದರೆ ಆ 'ಆ'ಕಾರವೇ ದೊಡ್ಡದಾಗುತ್ತದೆಯೇ ಹೊರತು ಕಳೆದುಹೋದ ವ್ಯಂಜನ ಮರಳಿ ಬರುವುದಿಲ್ಲ. ಇಯರ್‌ಬಡ್ ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಯಾವ ಕಂಪನಾಂಕದಲ್ಲಿ ಎಷ್ಟು ಕೊರತೆಯಿದೆಯೆಂದು ತೋರಿಸುವ ನಕ್ಷೆಯಾದ ಆಡಿಯೋಗ್ರಾಮಿಗೆ ಅನುಗುಣವಾಗಿ ಬೇಕಾದಲ್ಲಿ ಬಲ ತುಂಬಿ ಒಳಗೆ ಬಿಡುತ್ತದೆ.

ಕಿವಿಯ ಮಷಿನ್ ಎಂದು ಜನ ಕರೆಯುವ ಹಳೆಯ ಸಾಧನ ಎಷ್ಟೋ ಮನೆಗಳಲ್ಲಿ ಡಬ್ಬಿಯಿಂದ ಹೊರಬರದೆ ಉಳಿಯಲು ಅದರ ಬೆಲೆಯಷ್ಟೇ ಸಂಕೋಚವೂ ಕಾರಣ. ಸಾಧನ ಕಂಡೊಡನೆ ಧರಿಸಿದವರ ಸಾಮರ್ಥ್ಯವನ್ನು ಕಡಿಮೆ ಎಣಿಸುವ ಪ್ರವೃತ್ತಿಯನ್ನು ಅಮೆರಿಕದ ಸಂಶೋಧಕರು 1977ರಲ್ಲಿ 'ಶ್ರವಣ ಸಾಧನ ಪರಿಣಾಮ' ಎಂದು ಹೆಸರಿಸಿದರು. ಕಿವುಡನ ಮುಂದೆ ಕಿನ್ನರಿ ನುಡಿಸಿದಂತೆ ಎಂಬ ಗಾದೆಯನ್ನು ಸಲೀಸಾಗಿ ಆಡುವ, ಕೆಪ್ಪ ಎಂಬುದನ್ನು ಬೈಗುಳವಾಗಿಸಿಕೊಂಡ ಸಮಾಜಕ್ಕೂ ಆ ಸಂಶೋಧಕರ ಮಾತು ಅನ್ವಯಿಸುತ್ತದೆ. ಹದಿಹರೆಯದವರ ಕಿವಿಯಲ್ಲೂ ಇರುವ ಇಯರ್‌ಬಡ್ ಈ ಸಂಕೋಚವನ್ನು ಕಳೆಯಿತು, ನಿಜ. ಆದರೆ ಮುದುಕರೆಂಬ ಹಣೆಪಟ್ಟಿ ಹೋದ ಜಾಗಕ್ಕೆ ಉದ್ಧಟರೆಂಬ ಹಣೆಪಟ್ಟಿ ಬಂದಿತು. ಬ್ಯಾಂಕಿನ ಕೌಂಟರಿನಲ್ಲಾಗಲಿ ಮದುವೆಯ ಪಂಕ್ತಿಯಲ್ಲಾಗಲಿ 'ಅದನ್ನು ಕಿವಿಯಿಂದ ತೆಗೆದು ಮಾತಾಡಿ' ಎನ್ನುವುದು, ಕನ್ನಡಕ ತೆಗೆದಿಟ್ಟು ಓದಿ ಎಂದಷ್ಟೇ ಕ್ರೂರವಾದ ಮಾತು.

ಇಯರ್‌ಬಡ್ಡಿನ ಈ ಶ್ರವಣ ಸೌಲಭ್ಯದ ಹಸಿವು ಎಷ್ಟಿತ್ತೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಭಾರತದಲ್ಲಿ ಅದಿನ್ನೂ ತೆರೆದಿರದಿದ್ದ 2024ರ ಕೊನೆಯಲ್ಲಿ, ಲಗ್ರಾಂಜ್ ಪಾಯಿಂಟ್ ಎಂಬ ತಂಡದ ಯುವಕರು ತಮ್ಮ ಅಜ್ಜಿಯರಿಗಾಗಿ, ಹೊರಗಿನ ರೇಡಿಯೋ ತರಂಗಗಳನ್ನು ತಡೆಯುವ ಫ್ಯಾರಡೆ ಪಂಜರವನ್ನು ಅಲ್ಯೂಮಿನಿಯಂ ಹಾಳೆ ಮತ್ತು ಮೈಕ್ರೋವೇವ್ ಒಲೆಯ ನೆರವಿನಿಂದ ರೂಪಿಸಿ, ಸಾಧನವು ತಾನು ಆ ಸೌಲಭ್ಯ ತೆರೆದಿದ್ದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದೇನೆಂದು ನಂಬುವಂತೆ ಮಾಡಿದರು.

ಇಯರ್‌ಬಡ್ ಎಲ್ಲಕ್ಕೂ ಮದ್ದಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಅದು ದಿನವಿಡೀ ಬಾರದು. ತೀವ್ರ ಶ್ರವಣದೋಷಕ್ಕೆ ಸಾಲದು. ಥಟ್ಟನೆ ಕೇಳಿಸದಾದರೆ, ಒಂದೇ ಕಿವಿ ಮಂದವಾದರೆ, ತಡಮಾಡದೆ ಕಿವಿಯ ವೈದ್ಯರನ್ನು ಕಾಣಬೇಕು. ಶ್ರವಣ ತಪಾಸಣೆಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಶ್ರವಣದೋಷಕ್ಕೆ ನೆರವು ಬೇಕಾಗಿದ್ದು, ಅವರಲ್ಲಿ ಯಾರ ಕಿವಿಯಲ್ಲಿ ಏನಿದೆಯೆಂಬುದು ನೋಡಿದವರಿಗೆ ತಿಳಿಯುವಂಥದ್ದಲ್ಲ. ಆದ್ದರಿಂದ ಇಯರ್‌ಬಡ್ ಧರಿಸಿದವರೊಡನೆ ಮಾತನಾಡುವವರು ಅದನ್ನು ತೆಗೆಯಿರೆನ್ನುವ ಬದಲು, ಮುಖ ಕಾಣುವಂತೆ ಎದುರು ನಿಂತು, ಕೂಗದೆ, 'ಕೇಳಿಸುತ್ತಿದೆಯೇ?' ಎಂದು ಒಮ್ಮೆ ವಿಚಾರಿಸಬೇಕು.