ಸುದ್ದಿ ಫೀಡ್: ಓದುಗನ ಕೈಯಲ್ಲಿರುವ ಚಂದಾ

ಹೊಸ ಸಂಗತಿಗಳನ್ನು ಅರಿಯಬೇಕೆಂದು ದಿನವೂ ಹತ್ತು ಜಾಲತಾಣಗಳನ್ನು ಒಂದೊಂದಾಗಿ ತೆರೆದು ನೋಡಹೊರಟರೆ ನಮ್ಮ ಹೊತ್ತೆಲ್ಲ ಹುಡುಕುವುದರಲ್ಲಿಯೇ ಕಳೆದುಹೋಗುತ್ತದೆ. ಸಾಮಾಜಿಕ ಜಾಲತಾಣವೊಂದನ್ನು ನೆಚ್ಚಿದರೆ ಈ ಶ್ರಮವೇನೋ ತಪ್ಪುತ್ತದೆ. ಆದರೆ ಯಾವ ಸುದ್ದಿ ಮೊದಲು ಕಾಣಬೇಕೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವವರು ಅದರ ಒಡೆಯರೇ ಹೊರತು ನಾವಲ್ಲ. ಈ ಎರಡು ತೊಡಕುಗಳೂ ಇಲ್ಲದ ಇನ್ನೊಂದು ಮಾರ್ಗವುಂಟು. ಅದೇ ಸುದ್ದಿ ಫೀಡ್.

ಫೀಡ್ ಎಂದರೇನು? ಜಾಲತಾಣದಲ್ಲಿ ಹೊಸದಾಗಿ ಬಂದ ಬರಹಗಳ ಪಟ್ಟಿಯುಳ್ಳ ಒಂದು ಕಡತ, ಅಷ್ಟೆ. ಪ್ರತಿಯೊಂದು ಬರಹದ ತಲೆಬರಹ, ವಿಳಾಸ, ದಿನಾಂಕ, ಸಾರಾಂಶ ಮೊದಲಾದುವನ್ನು ಗೊತ್ತಾದ ಗುರುತುಗಳ ನಡುವೆ ಬರೆದಿರುವುದರಿಂದ ಯಂತ್ರವು ಅದನ್ನು ಸುಲಭವಾಗಿ ಓದಬಲ್ಲುದು. ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯು 1999ರ ಮಾರ್ಚ್ ತಿಂಗಳಲ್ಲಿ ಆರ್.ಎಸ್.ಎಸ್. ಎಂಬ ಈ ಕ್ರಮವನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ರಾಮನಾಥನ್ ಗುಹಾ ಅವರೂ ಒಬ್ಬರು. ಅನಂತರ ಬಂದ ಆಟಂ ಎಂಬ ಬಗೆಯೂ ಇಂದು ಬಳಕೆಯಲ್ಲಿದೆ.

ಚಂದಾ ಎಂದೊಡನೆ ಪತ್ರಿಕೆಯ ಕಚೇರಿಗೆ ಹೆಸರು, ಹಣ ಕಳುಹಿಸುವುದು ನೆನಪಾಗುತ್ತದೆ. ಇಲ್ಲಿ ಸಾಮಾನ್ಯವಾಗಿ ಹಾಗಲ್ಲ. ಫೀಡ್ ಓದುವ ತಂತ್ರಾಂಶವೊಂದನ್ನು ಗಣಕದಲ್ಲಿಯೋ ಫೋನಿನಲ್ಲಿಯೋ ಇರಿಸಿಕೊಂಡು, ಅದಕ್ಕೆ ಫೀಡಿನ ವಿಳಾಸವನ್ನು ತಿಳಿಸಿದರಾಯಿತು. ಅನೇಕ ವೇಳೆ ಜಾಲತಾಣದ ವಿಳಾಸವೇ ಸಾಕು. ಫೀಡನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ. ಸಂಶೋಧಕರು ತಮ್ಮ ಲೇಖನಗಳನ್ನು ಇರಿಸುವ ಆರ್ಕೈವ್ ಎಂಬ ಭಂಡಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಭೌತವಿಜ್ಞಾನದ ಒಂದೊಂದು ಶಾಖೆಗೂ ಬೇರೆ ಬೇರೆ ಫೀಡುಗಳಿವೆ. ನಮಗೆ ಬೇಕಾದ ಫೀಡನ್ನು ಆರಿಸಿಕೊಂಡರೆ, ತಂತ್ರಾಂಶವು ಆಗಾಗ ಆ ತಾಣಕ್ಕೆ ಹೋಗಿ ಹೊಸತೇನಾದರೂ ಬಂದಿದೆಯೇ ಎಂದು ವಿಚಾರಿಸುತ್ತದೆ. ಇಂಥ ಪ್ರಶ್ನೆಗೆ, ಕಡತವು ಬದಲಾಗಿಲ್ಲದಿದ್ದರೆ, ಸರ್ವರ್ 304 ಎಂಬ ಸಂಖ್ಯೆಯ ಕಿರಿದಾದ ಉತ್ತರವನ್ನು ಮಾತ್ರ ಕೊಡಬಹುದು. ಇಡೀ ಕಡತವನ್ನು ಮತ್ತೆ ಕಳುಹಿಸುವ ಕೆಲಸ ಹೀಗೆ ಉಳಿಯುತ್ತದೆ. ಬದಲಾಗಿದ್ದರೆ ಕಡತವನ್ನು ತಂದು, ಹೊಸ ಬರಹಗಳನ್ನು ಬೇರ್ಪಡಿಸಿ ತೋರಿಸುತ್ತದೆ.

ಚಂದಾ ಪಟ್ಟಿಯು ಓದುಗನ ವಶದಲ್ಲಿರುವುದು ಎಷ್ಟು ಮುಖ್ಯವೆಂಬುದು 2013ರಲ್ಲಿ ತಿಳಿದುಬಂತು. ಆ ವರ್ಷದ ಜುಲೈ 1ರಂದು ಗೂಗಲ್ ಸಂಸ್ಥೆಯು ತನ್ನ ರೀಡರ್ ಸೇವೆಯನ್ನು ನಿಲ್ಲಿಸಿತು. ನಿಂತುದು ಓದುವ ಸಾಧನವೇ ಹೊರತು ಫೀಡುಗಳಲ್ಲ. ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡವರು ಅದನ್ನು ಬೇರೊಂದು ತಂತ್ರಾಂಶಕ್ಕೆ ಒಯ್ದು ಓದನ್ನು ಮುಂದುವರಿಸಲು ಸಾಧ್ಯವಾಯಿತು.

ಎಲ್ಲ ತಾಣಗಳೂ ಫೀಡನ್ನು ಒದಗಿಸುವುದಿಲ್ಲ. ಕೆಲವು ಸಾರಾಂಶವನ್ನಷ್ಟೆ ಕೊಡುತ್ತವೆ. ಸುದ್ದಿಯ ಸತ್ಯಾಸತ್ಯವನ್ನೂ ಫೀಡು ತೂಗಲಾರದು. ಯಾರ ಮಾತನ್ನು ಕೇಳಬೇಕೆಂಬ ಆಯ್ಕೆಯನ್ನು ಅದು ನಮಗೆ ಒಪ್ಪಿಸುತ್ತದೆ; ಅದನ್ನು ವಿವೇಕದಿಂದ ನಡೆಸುವ ಹೊಣೆಯೂ ನಮ್ಮದೇ ಆಗಿದೆ.