ಬಡ್ತಿ ಬೇಡವೆನ್ನುವ ಬ್ಯಾಂಕಿನವರು

ಗಡಹಿಂಗ್ಲಜ್ ತಾಲ್ಲೂಕಿನ ಹಲಕರ್ಣಿ ಸರಕಾರದ ಲೆಕ್ಕದಲ್ಲಿ ಮಹಾರಾಷ್ಟ್ರದ್ದು. ಅಲ್ಲಿ ಕನ್ನಡವೂ ಮನೆಮಾತು. ಇಂಥ ಗಡಿ ಊರುಗಳಲ್ಲಿ ಮಗನಿಗೋ ಮಗಳಿಗೋ ಬ್ಯಾಂಕಿನ ನೌಕರಿ ಸಿಕ್ಕಿತೆಂದರೆ ಓಣಿಗೆಲ್ಲ ಪೇಢೆ ಹಂಚುತ್ತಾರೆ. ತಂಪು ಕೋಣೆ, ಕುರ್ಚಿ, ತಿಂಗಳ ಕೊನೆಗೆ ತಪ್ಪದ ಸಂಬಳ. ಆದರೆ ಆ ಕುರ್ಚಿಯಲ್ಲಿ ಕುಳಿತವರನ್ನು ಒಮ್ಮೆ ಕೇಳಿ ನೋಡಿ.

ಮೊದಲು ಹೇಳುವುದು 'ಟಾರ್ಗೆಟ್' ಎಂಬ ಮಾತನ್ನು. ಇಷ್ಟು ಖಾತೆ, ಇಷ್ಟು ವಿಮಾ ಪಾಲಿಸಿ ಆಗಲೇಬೇಕು. 2023ರ ಜೂನ್‌ನಲ್ಲಿ ಕೋಲ್ಕತ್ತದ ಎಚ್‌ಡಿಎಫ್‌ಸಿ ಬ್ಯಾಂಕ್ ಅಧಿಕಾರಿಯೊಬ್ಬರು ಆನ್‌ಲೈನ್ ಸಭೆಯಲ್ಲಿ ಇದೇ ವಿಷಯಕ್ಕೆ ಸಿಬ್ಬಂದಿಯ ಮೇಲೆ ಕೂಗಾಡಿದ ವಿಡಿಯೊ ದೇಶವೆಲ್ಲ ಹರಿದಾಡಿತು. ಬ್ಯಾಂಕು ಅವರನ್ನು ಅಮಾನತು ಮಾಡಿತು. ಕೂಗಿದವರು ಸಿಕ್ಕಿಬಿದ್ದರು, ಟಾರ್ಗೆಟ್ ಹಾಗೆಯೇ ಉಳಿಯಿತು. ಬ್ಯಾಂಕುಗಳು ವಿಮೆಯನ್ನು ತಪ್ಪಾಗಿ ಮಾರುವುದರ ವಿರುದ್ಧ 2024ರ ನವೆಂಬರ್‌ನಲ್ಲಿ ಸ್ವತಃ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಎಚ್ಚರಿಸಬೇಕಾಯಿತು. ಅಜ್ಜ ಠೇವಣಿ ನವೀಕರಿಸಲು ಹೋದಾಗ ಕೌಂಟರಿನ ಹುಡುಗಿ ಪಾಲಿಸಿಯ ಮಾತು ತೆಗೆದರೆ ನಾವು ಸಿಡುಕುತ್ತೇವೆ. ಸಿಡುಕಲಿ, ತಪ್ಪಿಲ್ಲ. ಆದರೆ ಸಂಜೆ ಅವಳು ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕೆಂಬುದೂ ನಮಗೆ ತಿಳಿದಿರಲಿ.

2024ರ ಮಾರ್ಚ್ 31 ನೆನಪಿದೆಯೇ? ಅಂದು ಪಾಸ್ಖ ಭಾನುವಾರ. ಹಣಕಾಸು ವರ್ಷದ ಕೊನೆಯ ದಿನವೂ ಹೌದು. ಸರಕಾರಿ ವ್ಯವಹಾರ ನೋಡುವ ಶಾಖೆಗಳು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ವರ್ಷಕ್ಕೊಮ್ಮೆ ಬರುವ ಹಬ್ಬದ ದಿನ ಕೌಂಟರಿಗೆ ಹೋಗಬೇಕಾದವರ ಮನೆಯ ಊಟ ಹೇಗಿದ್ದೀತು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಬಡ್ತಿ. ಹೊರಗಿನವರಿಗೆ ಅರ್ಥವಾಗದ ಸಂಗತಿಯೆಂದರೆ, ಸರಕಾರಿ ಬ್ಯಾಂಕಿನಲ್ಲಿ ಅರ್ಹತೆ ಇದ್ದರೂ ಎಷ್ಟೋ ಗುಮಾಸ್ತರು ಅಧಿಕಾರಿಯಾಗಲು ಪರೀಕ್ಷೆಯನ್ನೇ ಬರೆಯುವುದಿಲ್ಲ. ಸೋಮಾರಿತನವಲ್ಲ. ಅಧಿಕಾರಿಯಾದವರನ್ನು ದೇಶದ ಯಾವ ಮೂಲೆಗಾದರೂ ವರ್ಗ ಮಾಡಬಹುದು. ವಯಸ್ಸಾದ ಅತ್ತೆ-ಮಾವ, ಹತ್ತನೆಯ ತರಗತಿಯ ಮಗ, ಬೇರೆ ಊರಿನಲ್ಲಿ ದುಡಿಯುವ ಗಂಡ ಇರುವ ಹೆಣ್ಣುಮಗಳು ಬಡ್ತಿಯ ಸಂಬಳವನ್ನು ಒಂದು ಕಡೆ, ಎರಡು ಮನೆಯ ಬಾಡಿಗೆಯನ್ನು ಇನ್ನೊಂದು ಕಡೆ ಇಟ್ಟು ತೂಗಿ ಸುಮ್ಮನಾಗುತ್ತಾಳೆ. ಮುಂದೆ ಒಂದು ದಿನ ತನಗಿಂತ ಕಿರಿಯರು ಮ್ಯಾನೇಜರಾಗಿ ಬಂದಾಗ ಅವರ ಕೈಕೆಳಗೆ ಕೆಲಸ ಮಾಡುತ್ತಾಳೆ. ಆ ನೋವನ್ನು ಮನೆಯವರು ಗಮನಿಸುವುದು ಕಡಿಮೆ. "ನಿನಗೇ ಬೇಡವಾಗಿತ್ತಲ್ಲ" ಎಂದುಬಿಡುತ್ತಾರೆ!

ವಿಲೀನಗಳು ಈ ಗೊಂದಲವನ್ನು ಹೆಚ್ಚಿಸಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ನಮ್ಮವರೆಂದು ನಂಬಿಕೊಂಡಿದ್ದ ಮೇಲಧಿಕಾರಿಗಳು ಬದಲಾದರು. ಮುಂಬೈಯಲ್ಲಿ ಕುಳಿತವರಿಗೆ ನಮ್ಮ ಶಾಖೆಯ ಹಳೆಯ ದುಡಿಮೆ ಹೇಗೆ ಗೊತ್ತಾಗಬೇಕು?

ಸ್ವಲ್ಪ ಸಮಾಧಾನದ ಸುದ್ದಿಯೂ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸರಕಾರಿ ಬ್ಯಾಂಕುಗಳಿಗೆ ವರ್ಗಾವಣೆ ನಿಯಮ ತಿದ್ದಲು ಹೇಳಿತು. ಮಹಿಳೆಯರಿಗೆ ಸಾಧ್ಯವಾದಷ್ಟು ಹತ್ತಿರದ ಜಾಗ ಕೊಡಬೇಕು. ಮದುವೆ, ಹೆರಿಗೆ, ಮಕ್ಕಳ ಪಾಲನೆ, ಕಾಯಿಲೆಯಂಥ ಕಾರಣಗಳನ್ನು ಪರಿಗಣಿಸಬೇಕು. ಮೂರನೆಯ ಶ್ರೇಣಿಯವರೆಗಿನ ಅಧಿಕಾರಿಗಳನ್ನು ಅವರವರ ಭಾಷಾ ಪ್ರದೇಶದಲ್ಲೇ ಉಳಿಸಲು ನೋಡಬೇಕು. ಹಲಕರ್ಣಿಯವರ ಭಾಷಾ ಪ್ರದೇಶ ಯಾವುದು, ಕೊಲ್ಲಾಪುರವೋ ಬೆಳಗಾವಿಯೋ? ಕಾಗದ ಬರೆದವರು ಗಡಿಯ ಊರುಗಳನ್ನು ನೆನೆಯಲಿಲ್ಲವೆಂದು ತೋರುತ್ತದೆ. ಈಗ ಬಡ್ತಿ ಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ತಮ್ಮ ಬ್ಯಾಂಕಿನ ತಿದ್ದಿದ ನಿಯಮವನ್ನು ಮೊದಲು ಕೈಗೆ ತೆಗೆದುಕೊಳ್ಳಲಿ. ಮನೆಯವರೆಲ್ಲ ಕುಳಿತು ಓದಲಿ, ಮಕ್ಕಳ ಪರೀಕ್ಷೆಯ ತಿಂಗಳನ್ನೂ ಹಿರಿಯರ ಔಷಧಿ ಚೀಟಿಯನ್ನೂ ಪಕ್ಕದಲ್ಲಿಟ್ಟುಕೊಂಡು. ವರ್ಗಾವಣೆಯ ಅರ್ಜಿಯಲ್ಲಿ ಕಾರಣ ಬರೆಯುವ ಜಾಗವನ್ನು ಖಾಲಿ ಬಿಡಬೇಡಿ. ಕಳುಹಿಸಿದ್ದರ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ.